ಶಂಕರಪುರ ಮಲ್ಲಿಗೆ: ಮನೆಯೊಳಗೆ ಗೆಲ್ಲು ಬೇರು ಬರಿಸುವ ಸಮಗ್ರ ಮಾರ್ಗದರ್ಶಿ

ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮ ಶಂಕರಪುರ ಮಲ್ಲಿಗೆ ಬೀಜ ಕಟ್ಟುವುದು ತೀರಾ ಅಪರೂಪ. ಕಾಪು, ಶಿರ್ವ, ಕಟಪಾಡಿ ಸುತ್ತಮುತ್ತ ಎಷ್ಟು ಗಿಡಗಳಿವೆಯೋ ಅಷ್ಟೂ ಇನ್ನೊಂದು ಗಿಡದ ಗೆಲ್ಲಿನಿಂದಲೋ ಊರುಗೆಲ್ಲಿನಿಂದಲೋ (ತಾಯಿಗಿಡದಲ್ಲಿರುವಾಗಲೇ ಮಣ್ಣಿಗೆ ಬಗ್ಗಿಸಿ ಬೇರು ಬರಿಸಿದ ಗೆಲ್ಲು) ಆದವು. ತಾಯಿಗಿಡದ ಗುಣ ಹಾಗೆಯೇ ಇಳಿದು ಬರುತ್ತದೆ. ತಾಯಿಗಿಡದ ರೋಗವೂ ಹಾಗೆಯೇ.

ಮಳೆ ಶುರುವಾದ ಕೂಡಲೇ ಹತ್ತಿಪ್ಪತ್ತು ಕಡ್ಡಿ ಮುರಿದು ಅಂಗಳದ ಬದಿಯಲ್ಲಿ ಊರುವುದು ಇಲ್ಲಿನ ರೂಢಿ. ಕೆಲವು ಬದುಕುತ್ತವೆ, ಹೆಚ್ಚಿನವು ಬುಡದಿಂದ ಕಪ್ಪಾಗಿ ಕೊಳೆಯುತ್ತವೆ. ಬೇರು ಬರಿಸುವ ಹುಡಿ ಹಾಕಲಿಲ್ಲ, ಅದಕ್ಕೇ ಹೋಯಿತು ಎಂದು ಹಲವರು ಭಾವಿಸುತ್ತಾರೆ. ಕರಾವಳಿಯಲ್ಲಿ ಕಡ್ಡಿ ಸಾಯುವುದಕ್ಕೆ ಮುಖ್ಯ ಕಾರಣ ಅದಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಣ್ಣಿನ ಸಂದುಗಳೆಲ್ಲ ನೀರು ತುಂಬಿಕೊಂಡು ಕಡ್ಡಿಯ ಬುಡಕ್ಕೆ ಗಾಳಿಯೇ ಸಿಗುವುದಿಲ್ಲ. ಬೇರು ಹುಟ್ಟಬೇಕಾದ ಜಾಗದ ಜೀವಕೋಶಗಳಿಗೆ ಆಮ್ಲಜನಕ ಬೇಕು. ಅದು ಸಿಗದಿದ್ದಾಗ ಅವು ಸಾಯುತ್ತವೆ, ಸತ್ತ ಜಾಗಕ್ಕೆ ಶಿಲೀಂಧ್ರ ಬರುತ್ತದೆ.

ಬೇರಿಲ್ಲದ ಕಡ್ಡಿಗೆ ಎರಡು ಬೇಡಿಕೆಗಳಿವೆ. ಎಲೆಯ ಸುತ್ತ ತೇವ ತುಂಬಿದ ಗಾಳಿ ಇರಬೇಕು, ಏಕೆಂದರೆ ಎಲೆ ಕಳೆದುಕೊಳ್ಳುವ ನೀರನ್ನು ತುಂಬಿಕೊಡಲು ಬೇರಿಲ್ಲ. ಬುಡದ ಸುತ್ತ ಮಾತ್ರ ತೇವ ಮಿತವಾಗಿದ್ದು ಗಾಳಿ ಆಡಬೇಕು. ಹೊರಗೆ, ಅದರಲ್ಲೂ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ, ಇವೆರಡನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿಡಲು ಆಗುವುದಿಲ್ಲ. ಮನೆಯೊಳಗೆ ಒಂದು ಪಾರದರ್ಶಕ ಡಬ್ಬದಲ್ಲಿ ಆಗುತ್ತದೆ. ಈ ಕ್ರಮದ ಲಾಭವೆಲ್ಲ ಅಷ್ಟರಲ್ಲೇ ಇದೆ.

ಯಾವಾಗ ಮಾಡಬೇಕು

ಮನೆಯೊಳಗಿನ ಕೆಲಸವಾದ್ದರಿಂದ ವರ್ಷವಿಡೀ ಮಾಡಬಹುದು, ಆದರೆ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಕೊನೆಯವರೆಗಿನ ಕಾಲವೇ ಉತ್ತಮ. ಮಳೆಯಲ್ಲಿ ಬೆಳೆದ ಗೆಲ್ಲುಗಳು ಆಗ ಹದವಾಗಿ ಬಲಿತಿರುತ್ತವೆ. ಕೋಣೆಯ ಉಷ್ಣತೆ ಬೇರಿಗೆ ಬೇಕಾದ 25ರಿಂದ 29 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆಗ ಬೇರು ಬಂದ ಗಿಡ ಬೇಸಗೆಯಿಡೀ ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಬೆಳೆದು ಮುಂದಿನ ಜೂನ್‌ಗೆ ನೆಡಲು ಗಟ್ಟಿಯಾಗಿರುತ್ತದೆ. ಏಪ್ರಿಲ್-ಮೇ ಸೆಕೆಯಲ್ಲಿ ಮಾತ್ರ ಕೈಹಾಕಬೇಡಿ. ಮುಚ್ಚಿದ ಡಬ್ಬದೊಳಗೆ ಉಷ್ಣತೆ 35 ದಾಟಿದರೆ ಕಡ್ಡಿ ತನ್ನಲ್ಲಿ ಕೂಡಿಟ್ಟ ಆಹಾರವನ್ನು ಉಸಿರಾಟಕ್ಕೇ ಖರ್ಚು ಮಾಡುತ್ತದೆ, ಬೇರಿಗೆ ಉಳಿಯುವುದಿಲ್ಲ. ತಾಯಿಗಿಡವೂ ಆಗ ಹೂ ಬಿಡುವ ಭರದಲ್ಲಿರುತ್ತದೆ.

ಬೇಕಾದ ಸಾಮಾನು (24 ಕಡ್ಡಿಗೆ)

ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಒಂದು: ತಳ ಸುಮಾರು 50×35 ಸೆಂ.ಮೀ., ಎತ್ತರ 28ರಿಂದ 30 ಸೆಂ.ಮೀ. ಅಡುಗೆ ಸಾಮಾನು ತುಂಬಿಡಲು ಮಾರುವ 50 ಲೀಟರಿನ ಡಬ್ಬ ಸರಿಹೋಗುತ್ತದೆ. ಮುಚ್ಚಳದಲ್ಲಿ ಬಿಸಿ ಮೊಳೆಯಿಂದ 6 ಮಿ.ಮೀ. ಅಗಲದ ಆರು ತೂತು ಮಾಡಿ, ಟೇಪ್ ಅಂಟಿಸಿ ಮುಚ್ಚಿಡಿ. ಕೊನೆಯಲ್ಲಿ ಕೆಲಸಕ್ಕೆ ಬರುತ್ತವೆ. 200 ಮಿ.ಲೀ.ಯ ಪಾರದರ್ಶಕ ಲೋಟಗಳು 24, ಪ್ರತಿಯೊಂದರ ತಳದಲ್ಲಿ ಐದು ತೂತು. ಎಲ್ಲ ಕಡ್ಡಿಗಳನ್ನೂ ಒಂದೇ ಟ್ರೇಯಲ್ಲಿ ಊರುವುದಕ್ಕಿಂತ ಲೋಟ ಒಳ್ಳೆಯದು: ಒಂದು ಕೊಳೆತರೆ ಅದನ್ನಷ್ಟೇ ಎತ್ತಿ ಎಸೆಯಬಹುದು, ಬೇರು ಬಂದದ್ದು ಹೊರಗಿನಿಂದಲೇ ಕಾಣುತ್ತದೆ. ಬೇರು ಬೆಳಕಿನಿಂದ ದೂರ ಸರಿಯುವುದರಿಂದ ಲೋಟಕ್ಕೆ ವೃತ್ತಪತ್ರಿಕೆಯ ಎರಡು ಸುತ್ತು ಹಾಕಿ.

ಬೆಳಕಿಗೆ 20 ವ್ಯಾಟ್‌ನ ಬಿಳಿ ಎಲ್ಇಡಿ ಟ್ಯೂಬ್ ಎರಡು ಸಾಕು. ಎಲೆಯಿಂದ 25ರಿಂದ 30 ಸೆಂ.ಮೀ. ಮೇಲೆ ಕಟ್ಟಿ, ದಿನಕ್ಕೆ 14 ಗಂಟೆ ಉರಿಸಿ. ದುಬಾರಿ ನೇರಳೆ ದೀಪ ಬೇಕಿಲ್ಲ. ಬೇರಿಲ್ಲದ ಕಡ್ಡಿಗೆ ಹೆಚ್ಚು ಬೆಳಕು ಕೊಟ್ಟರೆ ಅದಕ್ಕೆ ನೀರಿನ ಹಸಿವೆ ಹೆಚ್ಚುತ್ತದೆ, ಅಷ್ಟೆ. ಕರೆಂಟು ಹೋಗಿ ಕೆಲವು ಗಂಟೆ ದೀಪ ಆರಿದರೆ ಚಿಂತೆ ಬೇಡ. ಉತ್ತರ ದಿಕ್ಕಿನ ಕಿಟಕಿಯ ಬಳಿಯ ಜಾಗವಿದ್ದರೆ ಒಂದೇ ಟ್ಯೂಬ್ ಸಾಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯಲ್ಲಿ ಮಾತ್ರ ಡಬ್ಬ ಇಡಲೇಬಾರದು. ಮುಚ್ಚಿದ ಡಬ್ಬ ಸ್ವಲ್ಪ ಹೊತ್ತಿನಲ್ಲೇ ಕಡ್ಡಿಗಳನ್ನು ಬೇಯಿಸಿಬಿಡುತ್ತದೆ.

ಇನ್ನು ಹರಿತವಾದ ಕತ್ತರಿ, ಹೊಸ ಬ್ಲೇಡು, ಒರೆಸಲು ಸ್ಪಿರಿಟ್, ನೀರು ಚಿಮುಕಿಸುವ ಬಾಟಲಿ, ತೇವಾಂಶ-ಉಷ್ಣತೆ ತೋರಿಸುವ ಪುಟ್ಟ ಮೀಟರ್. ಕೊನೆಯದನ್ನು ಐಚ್ಛಿಕವೆಂದು ಬಿಡಬೇಡಿ. ಡಬ್ಬದೊಳಗೆ 85ರಿಂದ 95 ಶೇಕಡಾ ತೇವಾಂಶ ಇದೆಯೋ ಇಲ್ಲವೋ ಎಂಬುದು ಕಣ್ಣಂದಾಜಿಗೆ ಸಿಗುವ ವಿಷಯವಲ್ಲ.

ಹುಡಿ, ಹೊಯ್ಗೆ, ಉಮಿಕರಿ

ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದ ಭಾಗ ಇದು. ಹೆಚ್ಚಿನವರು ಅವಸರ ಮಾಡುವುದೂ ಇಲ್ಲೇ.

ಒಂದು ಪಾಲು ತೆಂಗಿನ ನಾರಿನ ಹುಡಿ, ಒಂದು ಪಾಲು ಉಮಿಕರಿ (ಸುಟ್ಟು ಕಪ್ಪಾದ ಭತ್ತದ ಹೊಟ್ಟು) ಅಥವಾ ದಪ್ಪ ಹೊಯ್ಗೆ (ಮರಳು). 24 ಲೋಟಕ್ಕೆ ಒಟ್ಟು ಐದು ಲೀಟರ್ ಬೇಕು. ಅಂಗಡಿಯ 650 ಗ್ರಾಂ ನಾರಿನ ಇಟ್ಟಿಗೆ ನೆನೆದರೆ ಎಂಟು ಲೀಟರಿನಷ್ಟು ಆಗುತ್ತದೆ, ಹಾಗಾಗಿ ಅರ್ಧ ಇಟ್ಟಿಗೆಯೂ ಬೇಡ. ಮಣ್ಣು, ಹಟ್ಟಿ ಗೊಬ್ಬರ, ಸುಡುಮಣ್ಣು, ಎರೆಗೊಬ್ಬರ ಯಾವುದನ್ನೂ ಈ ಹಂತದಲ್ಲಿ ಸೇರಿಸಬೇಡಿ. ಬೇರೇ ಇಲ್ಲದ ಕಡ್ಡಿ ಗೊಬ್ಬರ ಹೀರುವುದಿಲ್ಲ, ಗೊಬ್ಬರ ಇದ್ದಲ್ಲಿ ಕೊಳೆಸುವ ಜೀವಿಗಳು ಮಾತ್ರ ಬೆಳೆಯುತ್ತವೆ.

ನಾರಿನ ಹುಡಿಯಲ್ಲಿ ಉಪ್ಪು ಇರುತ್ತದೆ. ತೆಂಗು ಬೆಳೆದ ನೆಲದಿಂದ, ಸಿಪ್ಪೆ ಕೊಳೆಹಾಕುವ ಹಿನ್ನೀರಿನಿಂದ ಅದು ಬರುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ನೀರು ಚೆಲ್ಲಿ. ಹೀಗೆ ಮೂರು ಬಾರಿ. ಟಿಡಿಎಸ್ ಪೆನ್ನು (ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಮೀಟರ್) ಇದ್ದರೆ ಹಿಂಡಿದ ನೀರಿಗೆ ಅದ್ದಿ ನೋಡಿ; ನೀವು ಹಾಕಿದ ನೀರಿನ ಅಂಕಿಗಿಂತ ನೂರಕ್ಕಿಂತ ಹೆಚ್ಚು ಮೇಲಿದ್ದರೆ ಇನ್ನೊಮ್ಮೆ ತೊಳೆಯಬೇಕು.

ನೀರಿನ ಮಾತು ಬಂದಾಗ ಬಾವಿಯನ್ನೂ ನೋಡಬೇಕು. ಮಲ್ಪೆ, ಮಟ್ಟು, ಉಳ್ಳಾಲದಂತಹ ಕಡಲ ಬದಿಯ ಊರುಗಳಲ್ಲಿ, ಹೊಳೆಯ ಅಳಿವೆ ಹತ್ತಿರವಿದ್ದಲ್ಲಿ, ಬೇಸಗೆಯಲ್ಲಿ ಬಾವಿಗೆ ಉಪ್ಪು ಏರುತ್ತದೆ. ಟಿಡಿಎಸ್ 300ರೊಳಗಿದ್ದರೆ ಧೈರ್ಯವಾಗಿ ಬಳಸಿ. 700 ದಾಟಿದ ನೀರು ಕಡ್ಡಿಗೆ ಬೇಡ. ಮಾಡಿನಿಂದ ಇಳಿದ ಮಳೆನೀರನ್ನು ಮುಚ್ಚಿದ ಕ್ಯಾನಿನಲ್ಲಿ ಹಿಡಿದಿಟ್ಟರೆ ಇದಕ್ಕಿಂತ ಒಳ್ಳೆಯ ನೀರು ಬೇರೆ ಇಲ್ಲ.

ಹೊಯ್ಗೆ ಹೊಳೆಯದ್ದೇ ಆಗಬೇಕು, ಕಡಲಿನದ್ದಲ್ಲ. ನಯವಾದ ಹೊಯ್ಗೆ ಗಾಳಿಯ ಸಂದುಗಳನ್ನೇ ಮುಚ್ಚುತ್ತದೆ. ಸೊಳ್ಳೆಪರದೆಯ ಜಾಲಿಯಲ್ಲಿ ಜರಡಿ ಹಿಡಿದು ಮೇಲೆ ಉಳಿದದ್ದನ್ನಷ್ಟೇ ತೆಗೆದುಕೊಳ್ಳಿ. ಉಮಿಕರಿ ಅದಕ್ಕಿಂತಲೂ ಒಳ್ಳೆಯದು, ಹಗುರ, ಗಾಳಿ ಹಿಡಿದಿಡುತ್ತದೆ. ಕುಚ್ಚಲಕ್ಕಿ ಮಿಲ್ಲುಗಳ ಬಳಿ ಸಿಗುತ್ತದೆ. ಕಪ್ಪಾಗಿ, ಆಕಾರ ಕೆಡದೆ ಉಳಿದ ಉಮಿ ಬೇಕು. ಬಿಳಿ ಬೂದಿಯಾದದ್ದು ಬೇಡ. ಉಮಿಕರಿಗೆ ಕ್ಷಾರ ಗುಣವಿದೆ, ಮಲ್ಲಿಗೆಗೆ ತುಸು ಹುಳಿಯೇ ಹಿತ, ಆದ್ದರಿಂದ ಇದನ್ನೂ ಎರಡು ಬಾರಿ ತೊಳೆಯಿರಿ.

ಮಿಶ್ರಣದ ಮೇಲೆ ಕುದಿಯುವ ನೀರು ಹೊಯ್ದು, ಮುಚ್ಚಿ, ಪೂರ್ತಿ ತಣಿಯಲು ಬಿಡಿ. ನಂತರ ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಎರಡು ಮೂರು ಹನಿ ಬಿದ್ದರೆ ಹದ ಸರಿ. ಧಾರೆಯಾಗಿ ಇಳಿದರೆ ವೃತ್ತಪತ್ರಿಕೆಯ ಮೇಲೆ ಹರಡಿ ಆರಿಸಿ. ಈ ಹದದಲ್ಲಿ ತುಂಬಿದ ಲೋಟಕ್ಕೆ ಮುಂದಿನ ಎರಡು ಮೂರು ವಾರ ನೀರೇ ಬೇಡ.

ತಾಯಿಗಿಡ ಮತ್ತು ಗೆಲ್ಲು

ಮೂರು ವರ್ಷ ದಾಟಿದ, ಮೊಗ್ಗು ಬಿಡುವುದನ್ನು ಕಣ್ಣಾರೆ ನೋಡಿದ ಗಿಡದಿಂದಲೇ ತೆಗೆಯಿರಿ. ಎಲೆಯಲ್ಲಿ ಹಳದಿ ಉಂಗುರ, ಬಣ್ಣದ ಮಚ್ಚೆ ಇದ್ದರೆ, ಹೂವಿನ ಬದಲು ಹಸಿರು ಎಲೆಗಳ ಗೊಂಚಲು ಬರುತ್ತಿದ್ದರೆ ಆ ಗಿಡದ ಒಂದೇ ಒಂದು ಗೆಲ್ಲನ್ನೂ ಮುಟ್ಟಬೇಡಿ. ಇಂತಹ ರೋಗ ಕಡ್ಡಿಯೊಳಗೇ ಕುಳಿತು ಹೊಸ ಗಿಡಕ್ಕೆ ಹೋಗುತ್ತದೆ, ಯಾವ ಔಷಧಿಗೂ ಬಗ್ಗುವುದಿಲ್ಲ. ತೆಗೆಯುವ ಮೂರು ವಾರ ಮೊದಲು ಯೂರಿಯಾ ಅಥವಾ ನೆಲಗಡಲೆ ಹಿಂಡಿ ನೀರು ಕೊಡುವುದನ್ನು ನಿಲ್ಲಿಸಿ. ಸಾರಜನಕ ತಿಂದು ರಸವತ್ತಾಗಿ ಬೆಳೆದ ಗೆಲ್ಲು ನೋಡಲು ಚೆಂದ, ಆದರೆ ಅದರಲ್ಲಿ ಕೂಡಿಟ್ಟ ಪಿಷ್ಟ ಕಡಿಮೆ.

ಗೆಲ್ಲಿನ ಹದ ಹೀಗೆ ಗುರುತಿಸಿ. ತುದಿಯ ಎಳೆ ಹಸಿರು ಭಾಗ ಬಗ್ಗಿಸಿದರೆ ಬಳುಕುತ್ತದೆ, ಅದು ಬೇಡ. ಬುಡದ ಕಂದು ತೊಗಟೆಯ ಭಾಗ ಬಗ್ಗುವುದೇ ಇಲ್ಲ, ಅದೂ ನಿಧಾನ. ನಡುವೆ, ಹಸಿರು ಕಂದಿಗೆ ತಿರುಗುತ್ತಿರುವಲ್ಲಿ, ಬಗ್ಗಿಸಿದರೆ ಟಕ್ಕನೆ ಮುರಿಯುವ 4ರಿಂದ 6 ಮಿ.ಮೀ. ದಪ್ಪದ ಭಾಗವೇ ಬೇಕಾದದ್ದು.

ಹಿಂದಿನ ಸಂಜೆ ತಾಯಿಗಿಡಕ್ಕೆ ಚೆನ್ನಾಗಿ ನೀರು ಹಾಕಿ, ಬೆಳಗ್ಗೆ ಎಂಟರೊಳಗೆ ಕೊಯ್ಯಿರಿ. ಕೊಯ್ದ ಗೆಲ್ಲುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಟ್ಟೆಯೊಳಗಿಡಿ. ಬೇರೆ ಊರಿನಿಂದ ತರುವುದಾದರೆ ಬಸ್ಸಿನಲ್ಲಿ ಹೀಗೆ ನಾಲ್ಕೈದು ಗಂಟೆ ಕ್ಷೇಮವಾಗಿ ಬರುತ್ತವೆ, ಬಿಸಿಲಿಗೆ ಬೀಳದಿದ್ದರೆ.

ಕತ್ತರಿಸುವುದು

ಒಂದೊಂದು ಕಡ್ಡಿ 12ರಿಂದ 15 ಸೆಂ.ಮೀ. ಉದ್ದ, ಮೂರು ನಾಲ್ಕು ಗೆಣ್ಣು. ಕೆಳಗಿನ ಕೊಯ್ತ ಗೆಣ್ಣಿನಿಂದ ಅರ್ಧ ಸೆಂ.ಮೀ. ಕೆಳಗೆ, ಓರೆಯಾಗಿ, ಬ್ಲೇಡಿನಿಂದಲೇ ಆಗಲಿ. ಕತ್ತರಿ ತೊಗಟೆಯನ್ನು ಜಜ್ಜುತ್ತದೆ, ಜಜ್ಜಿದ ಜಾಗದಿಂದಲೇ ಕೊಳೆ ಶುರುವಾಗುವುದು. ಮೇಲಿನ ಕೊಯ್ತ ಗೆಣ್ಣಿಗಿಂತ ಒಂದು ಸೆಂ.ಮೀ. ಮೇಲೆ, ನೇರವಾಗಿ. ಹೀಗೆ ಓರೆ-ನೇರ ಮಾಡಿದರೆ ತಲೆಕೆಳಗಾಗಿ ಊರುವ ತಪ್ಪೂ ಆಗುವುದಿಲ್ಲ. ಐದಾರು ಕಡ್ಡಿಗೊಮ್ಮೆ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಕೆಳಗಿನ ಎರಡು ಗೆಣ್ಣುಗಳ ಎಲೆ ತೆಗೆಯಿರಿ. ಮೇಲಿನ ಒಂದು ಜೋಡಿ ಉಳಿಸಿ, ಪ್ರತಿ ಎಲೆಯನ್ನು ಅರ್ಧಕ್ಕೆ ಕತ್ತರಿಸಿ. ಎಲೆಯನ್ನು ಪೂರ್ತಿ ತೆಗೆದುಬಿಡುವುದು ತಪ್ಪು, ಏಕೆಂದರೆ ಬೇರಿಗೆ ಬೇಕಾದ ಸಕ್ಕರೆಯೂ ಬೇರು ಹುಟ್ಟಿಸುವ ಸಹಜ ಹಾರ್ಮೋನಾದ ಆಕ್ಸಿನ್ನೂ ಅಲ್ಲಿಂದಲೇ ಇಳಿಯುತ್ತವೆ. ಮೊಗ್ಗು ಇದ್ದರೆ ಚಿವುಟಿ. ಬುಡದ ಒಂದು ಬದಿಯಲ್ಲಿ ಎರಡು ಸೆಂ.ಮೀ. ಉದ್ದಕ್ಕೆ ಹೊರತೊಗಟೆಯನ್ನಷ್ಟೇ ತೆಳುವಾಗಿ ಕೆರೆಯಿರಿ, ಬಿಳಿ ಮರ ಕಾಣುವಷ್ಟು ಆಳ ಬೇಡ.

ಬೇರಿನ ಹಾರ್ಮೋನು

ಬೇರು ಬರಿಸಲು ಬಳಸುವುದು ಇಂಡೋಲ್ ಬ್ಯುಟೈರಿಕ್ ಆಮ್ಲ, ಅಂಗಡಿಯ ಮಾತಿನಲ್ಲಿ ಐಬಿಎ. ಹುಡಿಯಾಗಿ ಕೊಳ್ಳುವುದಾದರೆ ಅರೆಬಲಿತ ಕಡ್ಡಿಗೆಂದು ಮಾರುವ 0.3 ಶೇಕಡಾದ್ದು ಸರಿ. ಒದ್ದೆ ಬುಡವನ್ನು ಎರಡು ಸೆಂ.ಮೀ. ಅದ್ದಿ, ತಟ್ಟಿ, ಹೆಚ್ಚಿನದನ್ನು ಉದುರಿಸಿ. ದಪ್ಪ ಮೆತ್ತಿದರೆ ಬೇರು ಹೆಚ್ಚು ಬರುವುದಿಲ್ಲ, ಬುಡ ಸುಡುತ್ತದೆ. ಪೊಟ್ಟಣಕ್ಕೇ ಅದ್ದಬೇಡಿ, ಸ್ವಲ್ಪ ಬೇರೆ ತೆಗೆದುಕೊಂಡು ಉಳಿದದ್ದನ್ನು ಎಸೆಯಿರಿ.

ದ್ರಾವಣ ಇನ್ನೂ ಸಮನಾಗಿ ಹಿಡಿಯುತ್ತದೆ. ಐಬಿಎ ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದು, ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಮನೆಯ ತಕ್ಕಡಿ ನೂರು ಮಿಲಿಗ್ರಾಂ ತೂಗಲಾರದು, ಹಾಗಾಗಿ ಒಂದು ಗ್ರಾಂನ ಪೊಟ್ಟಣವನ್ನು ಪೂರ್ತಿಯಾಗಿ 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿ. ಇದು 10,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಹತ್ತು ಸಾವಿರ ಪಾಲು) ಮೂಲದ್ರಾವಣ. ಇದರಿಂದ ಸಿರಿಂಜಿನಲ್ಲಿ 10 ಮಿ.ಲೀ. ತೆಗೆದು, 40 ಮಿ.ಲೀ. ಆಲ್ಕೋಹಾಲ್, ನಂತರ 50 ಮಿ.ಲೀ. ಶುದ್ಧ ನೀರು ಸೇರಿಸಿದರೆ 1000 ಪಿಪಿಎಂ ಆಯಿತು. ಬುಡದ ಎರಡು ಸೆಂ.ಮೀ.ಯನ್ನು ಐದು ಸೆಕೆಂಡ್ ಅದ್ದಿ, ಒಂದು ನಿಮಿಷ ಗಾಳಿಗೆ ಹಿಡಿಯಿರಿ. ಉಳಿದ ಮೂಲದ್ರಾವಣವನ್ನು ಕಂದು ಬಾಟಲಿಯಲ್ಲಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಫ್ರಿಜ್ಜಿನಲ್ಲಿಡಿ. ಬೆಳಕಿಗೆ ಅದು ಕೆಡುತ್ತದೆ. ಕೈಗವಸು ಹಾಕಿ, ಒಲೆಯಿಂದ ದೂರ ಕುಳಿತು ಮಾಡಿ.

ಬೊಂಡದ ನೀರಿನಲ್ಲಿ (ಎಳನೀರಿನಲ್ಲಿ) ಅದ್ದಿದರೆ ಸಾಕು ಎಂಬ ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ಬೊಂಡದ ನೀರಿನಲ್ಲಿ ಚಿಗುರಿಗೆ ಒತ್ತು ಕೊಡುವ ಸೈಟೊಕೈನಿನ್ ಇದೆ, ಜತೆಗೆ ಸಕ್ಕರೆಯೂ ಇದೆ. ಚಿಗುರು ಬೇಗ ಕಾಣಬಹುದು, ಬೇರಿಗೆ ಅದು ಐಬಿಎಯ ಬದಲಿಯಲ್ಲ. ಸಕ್ಕರೆ ಬೂಸ್ಟನ್ನು ಕರೆಯುತ್ತದೆ. ಜೇನುತುಪ್ಪ, ಹಸಿ ಸೆಗಣಿಯನ್ನೂ ಗಾಯದ ಬಾಯಿಗೆ ಹಚ್ಚಬೇಡಿ.

ಊರುವುದು, ಮುಚ್ಚುವುದು

ಮಿಶ್ರಣದಲ್ಲಿ ಮೊದಲು ಪೆನ್ಸಿಲಿನಿಂದ ಕುಳಿ ಮಾಡಿ. ಕಡ್ಡಿಯನ್ನೇ ಒತ್ತಿ ತೂರಿದರೆ ಹಚ್ಚಿದ ಹಾರ್ಮೋನು ಬಾಯಲ್ಲೇ ಉಜ್ಜಿಹೋಗುತ್ತದೆ. ಎರಡು ಗೆಣ್ಣು ಒಳಗೆ ಹೋಗುವಂತೆ 5ರಿಂದ 6 ಸೆಂ.ಮೀ. ಇಳಿಸಿ, ಸುತ್ತ ಬೆರಳಿನಿಂದ ಮೆಲ್ಲಗೆ ಒತ್ತಿ. ಲೋಟಗಳನ್ನು ಡಬ್ಬದಲ್ಲಿಟ್ಟು, ಎಲೆಗಳ ಮೇಲೆ ಮಂಜಿನಂತೆ ಒಮ್ಮೆ ನೀರು ಚಿಮುಕಿಸಿ ಮುಚ್ಚಿ. ಡಬ್ಬದ ತಳದಲ್ಲಿ ನೀರು ನಿಲ್ಲಬಾರದು. ಲೋಟಗಳ ಕೆಳಗೆ ಒಂದು ಪ್ಲಾಸ್ಟಿಕ್ ಜಾಲರಿ ಹಾಸಿದರೆ ನಿಶ್ಚಿಂತೆ.

ಮೊದಲ ಹತ್ತು ದಿನ ದಿನಕ್ಕೊಮ್ಮೆ ಒಂದು ನಿಮಿಷ ಮುಚ್ಚಳ ತೆರೆದು ಗಾಳಿ ಬದಲಿಸಿ. ಗೋಡೆಯಲ್ಲಿ ತೆಳುವಾದ ಮಂಜು ಕಟ್ಟಿದ್ದರೆ ಎಲ್ಲ ಸರಿ. ಹನಿಗಳು ಸೇರಿ ಕೆಳಗಿಳಿಯುತ್ತಿದ್ದರೆ ತೇವ ಹೆಚ್ಚು, ಅರ್ಧ ಗಂಟೆ ತೆರೆದಿಡಿ. ಗೋಡೆ ಒಣಗಿದ್ದು ಮೀಟರ್ 80ಕ್ಕಿಂತ ಕೆಳಗೆ ತೋರಿಸಿದರೆ ಗೋಡೆಗೆ ಚಿಮುಕಿಸಿ, ಲೋಟಕ್ಕಲ್ಲ. ಲೋಟಕ್ಕೆ ನೀರು ಬೇಕೋ ಎಂದು ತೂಕದಿಂದ ತಿಳಿಯಿರಿ: ಮೊದಲ ದಿನ ಎತ್ತಿದಾಗ ಇದ್ದ ಭಾರ ಕೈಗೆ ನೆನಪಿರಲಿ, ಸ್ಪಷ್ಟವಾಗಿ ಹಗುರಾದಾಗ ಮಾತ್ರ ಎರಡು ಚಮಚ ನೀರು.

ಸುಮಾರು ಎರಡನೇ ವಾರಕ್ಕೆ ಬುಡದಲ್ಲಿ ಬಿಳಿ ಗಂಟು ಕಟ್ಟುತ್ತದೆ. ಬೇರು ಮೂರರಿಂದ ಐದು ವಾರದಲ್ಲಿ ಬರುತ್ತದೆ. ಈ ನಡುವೆ ಹೊಸ ಚಿಗುರು ಕಂಡು ಬೇರು ಬಂತೆಂದು ಹಿಗ್ಗಿ ಹೊರಗೆ ತೆಗೆದವರು ಬಹಳ ಕಡ್ಡಿ ಕಳೆದುಕೊಳ್ಳುತ್ತಾರೆ. ಕಡ್ಡಿಯಲ್ಲಿ ಕೂಡಿಟ್ಟ ಆಹಾರದಿಂದಲೇ ಚಿಗುರು ಬರಬಲ್ಲದು. 25 ದಿನ ಕಳೆಯುವವರೆಗೆ ಎಳೆದು ನೋಡಬೇಡಿ. ನಂತರ ಕಾಗದ ಸರಿಸಿ ಲೋಟದ ಗೋಡೆಯಲ್ಲಿ ಬಿಳಿ ಬೇರು ಕಾಣುತ್ತದೋ ನೋಡಿ.

ಏನು ಕೆಡುತ್ತದೆ, ಯಾಕೆ

ಬುಡ ಕಪ್ಪಾಗಿ ಮೆತ್ತಗಾದರೆ ಮಿಶ್ರಣ ಒದ್ದೆ ಹೆಚ್ಚು, ಅಥವಾ ಕಡ್ಡಿ ಎಳೆಯದು. ಆ ಲೋಟ ತೆಗೆದು, ಡಬ್ಬದ ಮುಚ್ಚಳವನ್ನು ದಿನಕ್ಕೆ ಎರಡು ಗಂಟೆ ತೆರೆದಿಡಿ. ಬುಡದ ಸುತ್ತ ಬಿಳಿ ನೂಲು ಹರಡಿ ಅದರಲ್ಲಿ ಸಾಸಿವೆಯಂತಹ ಕಂದು ಕಾಳು ಕಂಡರೆ ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಮಿಶ್ರಣ ಸಮೇತ ಕಟ್ಟಿ ಕಸಕ್ಕೆ ಹಾಕಿ. ತೋಟಕ್ಕೆ ಚೆಲ್ಲಿದರೆ ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ದೊಡ್ಡ ಗಿಡಗಳನ್ನೂ ಹಿಡಿಯುತ್ತವೆ. ಮುನ್ನೆಚ್ಚರಿಕೆಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಹುಡಿಯನ್ನು ಕಿಲೋ ಮಿಶ್ರಣಕ್ಕೆ 5 ಗ್ರಾಂ ಬೆರೆಸಬಹುದು, ಕುದಿನೀರು ಪೂರ್ತಿ ತಣಿದ ಮೇಲೆ. ಟ್ರೈಕೋಡರ್ಮಾ ಹಾಕಿದಲ್ಲಿ ಶಿಲೀಂಧ್ರನಾಶಕ ಕಾರ್ಬೆಂಡಜಿಂ ಹಾಕಬೇಡಿ. ಅದು ರೋಗದ ಶಿಲೀಂಧ್ರದೊಂದಿಗೆ ಉಪಕಾರಿಯನ್ನೂ ಕೊಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನಮ್ಮ ಒಲವು ಟ್ರೈಕೋಡರ್ಮಾಕ್ಕೆ.

ಮೊದಲ ವಾರದಲ್ಲೇ ಎಲೆ ಉದುರಿ ಕಡ್ಡಿ ಹಸಿರಾಗಿಯೇ ಉಳಿದಿದ್ದರೆ ಎಸೆಯಬೇಡಿ. ಉಗುರಿನಿಂದ ಗೀರಿ ನೋಡಿ, ಒಳಗೆ ಹಸಿರಿದ್ದರೆ ಚೇತರಿಸಿಕೊಳ್ಳುವ ಸಂಭವವಿದೆ. ಬಿಳಿ ಗಂಟು ದಪ್ಪವಾಗಿ ಬೆಳೆದು ಆರು ವಾರವಾದರೂ ಬೇರು ಕಾಣದಿದ್ದರೆ ಕಡ್ಡಿ ಹೆಚ್ಚು ಬಲಿತದ್ದು ಅಥವಾ ಹಾರ್ಮೋನು ಹಳತಾದದ್ದು. ಗಂಟಿನ ಒಂದು ಬದಿ ತೆಳುವಾಗಿ ಕೆತ್ತಿ, ಮತ್ತೆ ಅದ್ದಿ, ಹೊಸ ಮಿಶ್ರಣದಲ್ಲಿ ಊರಿ. ನಾರಿನ ಹುಡಿಯ ಮೇಲೆ ಸಣ್ಣ ಕಪ್ಪು ನೊಣಗಳು ಹಾರಾಡಿದರೆ ಮೇಲ್ಮೈ ಸದಾ ಒದ್ದೆಯಿದೆ ಎಂದರ್ಥ. ಒಣ ಹೊಯ್ಗೆಯ ಅರ್ಧ ಸೆಂ.ಮೀ. ಪದರ ಹಾಕಿ.

ಹೊರಗಿನ ಗಾಳಿಗೆ ಒಗ್ಗಿಸುವುದು

ಬೇರು 3-4 ಸೆಂ.ಮೀ. ಆಗಿ ಕವಲೊಡೆದ ಮೇಲೆ ಮುಚ್ಚಳದ ಟೇಪನ್ನು ಎರಡು ದಿನಕ್ಕೆ ಎರಡು ತೂತಿನಂತೆ ಬಿಚ್ಚಿ. ಏಳನೇ ದಿನ ಮುಚ್ಚಳ ಒಂದು ಬೆರಳಷ್ಟು ಸರಿಸಿ, ಹತ್ತನೇ ದಿನ ತೆಗೆದುಬಿಡಿ. ಎಲೆ ಬಾಡಿದರೆ ಹಿಂದಿನ ಹೆಜ್ಜೆಗೆ ಮರಳಿ ಎರಡು ದಿನ ಕಾಯಿರಿ. ಡಿಸೆಂಬರ್-ಜನವರಿಯಲ್ಲಿ ಬೆಳಗ್ಗೆ ಬೀಸುವ ಒಣ ಮೂಡುಗಾಳಿಗೆ ಈ ಕೆಲಸವನ್ನು ಇನ್ನೂ ನಿಧಾನ ಮಾಡಬೇಕು.

ನಂತರ 15×20 ಸೆಂ.ಮೀ. ತೊಟ್ಟೆಗೆ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿ ಗೊಬ್ಬರ, ಒಂದು ಪಾಲು ಹೊಯ್ಗೆ. ಬೇರನ್ನು ತೊಳೆಯದೆ, ಲೋಟದ ಮಿಶ್ರಣದ ಗಟ್ಟಿಯೊಂದಿಗೇ ಇಳಿಸಿ. ಎರಡು ವಾರ ಬೇರೆ ಗೊಬ್ಬರ ಬೇಡ. ಆಮೇಲೆ 19:19:19ನ್ನು ಲೀಟರಿಗೆ ಒಂದು ಗ್ರಾಂ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಡಿ. ಜಗಲಿಯಲ್ಲಿ ಒಂದು ವಾರ, 50 ಶೇಕಡಾ ನೆರಳುಬಲೆಯಡಿ ಮೂರು ವಾರ, ಅಲ್ಲಿಂದ ಮುಂದೆ ಪೂರ್ತಿ ಬಿಸಿಲು. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ, ಬುಡದಿಂದ ಮೂರು ನಾಲ್ಕು ಗೆಲ್ಲು ಒಡೆಯುತ್ತವೆ. ತೊಟ್ಟೆಯಲ್ಲಿ ಇರುವಾಗ ಬರುವ ಮೊಗ್ಗುಗಳನ್ನು ಬಿಡದೆ ತೆಗೆಯಿರಿ.

ಊರಿದ ದಿನದಿಂದ ನಾಲ್ಕೈದು ತಿಂಗಳಿಗೆ ಗಿಡ ನೆಡಲು ತಯಾರು. ತಾರಸಿಯಲ್ಲಿ ಬೆಳೆಸುವವರು ಆಗಲೇ 40 ಸೆಂ.ಮೀ. ಅಗಲದ ಕುಂಡಕ್ಕೆ ಹಾಕಬಹುದು, ತಳದ ತೂತಿನ ಮೇಲೆ ಮುರಕಲ್ಲಿನ ಚೂರು ಹಾಸಿ. ನೆಲದಲ್ಲಿ ನೆಡುವವರು ಜೂನ್ ಮೊದಲ ಮಳೆಯಲ್ಲಿ ಮಣ್ಣು ಹದವಾದ ಕೂಡಲೇ, ಜುಲೈಯ ಬಿರುಸು ಬರುವ ಮುಂಚೆ ನೆಡಬೇಕು. 45 ಸೆಂ.ಮೀ. ಗುಂಡಿ, ನಡುವೆ ಸುಮಾರು ಸವಾ ಮೀಟರ್ ಅಂತರ. ತಗ್ಗು ಜಾಗವಾದರೆ ಒಂದಡಿ ಎತ್ತರದ ಏರಿ ಮಾಡಿ ಅದರ ಮೇಲೆ ನೆಟ್ಟು, ಗುಂಡಿ ತುಂಬುವಾಗ ಬುಡ ಸುತ್ತಲಿನ ನೆಲಕ್ಕಿಂತ ಎರಡು ಇಂಚು ಮೇಲೆಯೇ ಉಳಿಯುವಂತೆ ನೋಡಿಕೊಳ್ಳಿ.